ಎಡ ಸೊಂಟದ ಪ್ಯಾಡು ಸವೆಯದಿದ್ದದ್ದೇಕೆ

ಬೇರೆಯವರ ಹೆಂಡಂದಿರು ನಲವತ್ತಾರನೆಯ ವಯಸ್ಸಿನಲ್ಲಿ ಏನೇನು ಕಲಿಯುತ್ತಾರೋ ನನಗೆ ಗೊತ್ತಿಲ್ಲ. ನನ್ನವಳು ದುಡ್ಡು ಕೊಟ್ಟು ಬೀಳುವುದನ್ನು ಕಲಿಯಲು ಹೋದಳು. ಅವಳ ಪ್ರಕಾರ ಅದರ ಹೆಸರು ಐಸ್ ಸ್ಕೇಟಿಂಗ್. ನಮ್ಮ ಐಸ್ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ವಯಸ್ಕರಿಗೂ ತರಗತಿ ಇದೆಯೆಂದು, ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದರಂತೆ. ದಿನವಿಡೀ ಕೂತು ಚೌಕಟ್ಟಿಗೆ ಗಾಜು ಕೂರಿಸುವವಳು ಅವಳು. (ಬಿದ್ದದ್ದು ಒಡೆಯುತ್ತದೆ ಎಂದು ಬೇರೆ ಯಾರಿಗೆ ತಿಳಿಯದಿದ್ದರೂ ಅವಳಿಗೆ ತಿಳಿದಿರಬೇಕಿತ್ತು.)

"ಈ ವಯಸ್ಸಲ್ಲಿ ಬಿದ್ದು ಮೂಳೆ ಮುರ್ಕೊಂಡ್ರೆ ಏನೇ ಗತಿ?" ಎಂದೆ.

"ಹತ್ತು ವರ್ಷದವಳಿದ್ದಾಗ ಅಪ್ಪ ಬೇಡ ಅಂದ್ರು. ಈಗ ನೀವು ಬೇಡ ಅಂತೀರಿ. ಇನ್ನೇನು, ಮೊಮ್ಮಕ್ಕಳು ಹುಟ್ಟಿ ಹೂಂ ಅನ್ನೋವರೆಗೂ ಕಾಯ್ಲಾ?"

ನಮ್ಮ ಜೊತೆಯಲ್ಲೇ ಇರುವ ಅತ್ತೆಯವರು ನನ್ನ ಪರ ಮಾತಾಡಿಯಾರು ಎಂದು ಅವರ ಕಡೆ ನೋಡಿದೆ. "ಹೋಗ್ಲಿ ಬಿಡಿ ಅಳಿಯಂದ್ರೇ," ಎಂದರು ಅವರು. "ಚಿಕ್ಕವಳಿದ್ದಾಗ ಇವಳು ನಡೆದಿದ್ದಕ್ಕಿಂತ ಬಿದ್ದಿದ್ದೇ ಜಾಸ್ತಿ. ಅಭ್ಯಾಸ ಇದೆ." ತಾಯಿ ಮಗಳು ಸೇರಿದ ಮೇಲೆ ನನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇಲ್ಲ.

ಮೊದಲ ದಿನ ನಾನೂ ಹೋಗಿದ್ದೆ. ಕಟಕಟೆ ಹಿಡಿದುಕೊಂಡು ನಿಂತಿದ್ದವಳು ಕೈ ಬಿಟ್ಟಳು, ಎರಡು ಹೆಜ್ಜೆ ಹೋದಳು, ಎಡಗಡೆಗೆ ಧೊಪ್ಪೆಂದು ಬಿದ್ದಳು. ಅವಳು ನಗುತ್ತಾ ಎದ್ದಳು. ನನಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನನ್ನ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿರುವ ಜೀವ ಅದು. ಅವಳಿಗೇನಾದರೂ ಆದರೆ ನಾನು ಬದುಕುವ ಬಗೆ ನನಗೆ ಗೊತ್ತಿಲ್ಲ. ಅಂದಿನಿಂದ ಅವಳನ್ನು ಬಾಗಿಲಲ್ಲಿ ಇಳಿಸಿ, ತರಗತಿ ಮುಗಿಯುವವರೆಗೆ ಹೊರಗೆ ವ್ಯಾನಿನಲ್ಲೇ ಕೂರುತ್ತಿದ್ದೆ.

"ಒಂದು ಸಲ ಒಳಗೆ ಬಂದು ನೋಡ್ಬಾರ್ದಾ?" ಎಂದು ಪ್ರತಿ ವಾರ ಕೇಳುತ್ತಿದ್ದಳು.

"ಒಳಗೆ ಚಳಿ ಕಣೇ," ಎನ್ನುತ್ತಿದ್ದೆ.

ಬೀಳುವುದನ್ನು ತಡೆಯುವುದು ನನ್ನ ಕೈಲಿರಲಿಲ್ಲ. ಆದರೆ ಬಿದ್ದ ಜಾಗವನ್ನು ಮೆತ್ತಗೆ ಮಾಡುವುದು ನನ್ನ ಕೈಲಿತ್ತು. ನಾನು ಸೋಫಾ ರಿಪೇರಿಯವನು. ಊರಿನ ಅರ್ಧ ಜನರ ಆಸನಗಳ ಕ್ಷೇಮ ನನ್ನ ಜವಾಬ್ದಾರಿ. ಹೀಗಾಗಿ ಸ್ಕೇಟಿಂಗಿನವರು ಬಟ್ಟೆಯೊಳಗೆ ಹಾಕಿಕೊಳ್ಳುವ ಜೆಲ್ ಪ್ಯಾಡುಗಳನ್ನು ನಾನೇ ತಂದುಕೊಟ್ಟೆ. ಅಂಗೈಯಗಲದ ಎರಡು ನೀಲಿ ತುಂಡುಗಳು, ಎಡ ಸೊಂಟಕ್ಕೊಂದು, ಬಲಕ್ಕೊಂದು. ಅವುಗಳನ್ನು ಸಿಕ್ಕಿಸಲು ಚಡ್ಡಿಯ ಒಳಗೇ ಎರಡು ಜೇಬು. ಅಂಗಡಿಯವನು, "ವರ್ಷಗಟ್ಟಲೆ ಬರುತ್ತೆ ಸಾರ್," ಎಂದ. ಫೋಮ್ ಮಾರುವವರೂ ನನಗೆ ಹೀಗೇ ಹೇಳುತ್ತಾರೆ. ಆರು ತಿಂಗಳಲ್ಲಿ ಸೋಫಾ ನಡುವೆ ಗುಂಡಿ ಬಿದ್ದಾಗ ಅವರ ಫೋನು ಸ್ವಿಚ್ ಆಫ್.

ಆದ್ದರಿಂದ ಪ್ಯಾಡುಗಳ ಪಾಲನೆ ಪೋಷಣೆಯನ್ನು ನಾನೇ ವಹಿಸಿಕೊಂಡೆ. ಶನಿವಾರ ಮನೆಗೆ ಬಂದ ಕೂಡಲೇ ಅವಳು ಪ್ಯಾಡುಗಳನ್ನು ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದಳು. ನಾನು ಅವಕ್ಕೆ ಉಗುರು ಬೆಚ್ಚಗಿನ ನೀರು, ಮೃದು ಸೋಪಿನ ಅಭ್ಯಂಜನ ಮಾಡಿಸಿ, ಹಿಂಡದೆ ಒತ್ತಿ, ನೆರಳಿನಲ್ಲಿ ಒಣಗಿಸಿ, ಅಂಟದಿರಲೆಂದು ಪೌಡರ್ ಹಚ್ಚುತ್ತಿದ್ದೆ.

"ನಮ್ಮ ಮಗಳು ಮಗುವಾಗಿದ್ದಾಗ ಒಂದು ದಿನ ಸ್ನಾನ ಮಾಡಿಸಿದವರಲ್ಲ ನೀವು," ಎಂದಳು ಒಮ್ಮೆ.

"ಅವಳು ಒತ್ತಿದ್ರೆ ಅಳ್ತಿದ್ಲು. ಇವು ಅಳಲ್ಲ."

ಮೂರು ತಿಂಗಳಾಗುವಷ್ಟರಲ್ಲಿ ನಾನು ಹೆದರಿದ್ದೇ ಆಯಿತು. ಹೆಬ್ಬೆರಳಿಟ್ಟು ಒತ್ತಿ ನೋಡಿದರೆ, ಒಂದು ಪ್ಯಾಡು ಹೊಸದರಂತೆ ದಪ್ಪಗಿದೆ, ಇನ್ನೊಂದರ ಜೆಲ್ ಅಂಚಿಗೆ ಸರಿದು ನಡುವೆ ತೆಳ್ಳಗಾಗಿದೆ. ಅವಳು ಬೀಳುವುದೆಲ್ಲ ಎಡಕ್ಕೇ ಅಲ್ಲವೇ! ಆಗ ನನಗೊಂದು ಮಹಾ ವಿಚಾರ ಹೊಳೆಯಿತು. ಹಾಸಿಗೆ ಒಂದು ಕಡೆ ತಗ್ಗಿದರೆ ನಾವೇನು ಮಾಡುತ್ತೇವೆ? ತಲೆಯ ಕಡೆಯನ್ನು ಕಾಲಿನ ಕಡೆಗೆ ಮಾಡಿ ಮಗುಚುತ್ತೇವೆ. ಇದಕ್ಕೂ ಅದೇ ಮದ್ದು. ಅಂದಿನಿಂದ ಪ್ರತಿ ವಾರ ಒಣಗಿದ ಮೇಲೆ ದಪ್ಪದ್ದನ್ನು ಎಡ ಜೇಬಿಗೆ, ತೆಳ್ಳಗಿನದನ್ನು ಬಲಕ್ಕೆ ಸೇರಿಸಿ ಇಡತೊಡಗಿದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ, "ಎಲ್ಲಾದರಲ್ಲೂ ಮೂಗು ತೂರಿಸ್ತೀರಿ" ಎಂಬ ಮಂಗಳಾರತಿ ಖಚಿತ.

ಫಲಿತಾಂಶ ಅದ್ಭುತ! ವಾರಗಳು ಉರುಳಿದವು, ತಿಂಗಳುಗಳು ಉರುಳಿದವು, ಎಡ ಸೊಂಟದ ಆ ದಪ್ಪ ಪ್ಯಾಡು ಒಂದು ಕೂದಲೆಳೆಯಷ್ಟೂ ಸವೆಯಲಿಲ್ಲ. ನನ್ನ ಎದೆ ಉಬ್ಬಿತು. ಸೋಫಾ ಒಯ್ಯಲು ಬಂದವರನ್ನೆಲ್ಲ ಕೂರಿಸಿಕೊಂಡು ಜೆಲ್ಲಿನ ಬಾಳಿಕೆಯ ಬಗ್ಗೆ ಉಪನ್ಯಾಸ ಕೊಟ್ಟೆ. ಐಸ್ ಹಾಲಿನ ಬಾಗಿಲಲ್ಲಿ ಮಕ್ಕಳನ್ನು ಬಿಡಲು ಬರುವ ತಂದೆತಾಯಿಯರನ್ನೂ ಬಿಡಲಿಲ್ಲ. "ಜೆಲ್ ಅಲ್ಲ ಸಾರ್ ಮುಖ್ಯ, ಜೋಪಾನ ಮಾಡೋದು," ಎನ್ನುತ್ತಿದ್ದೆ. ಅವರಲ್ಲಿ ಕೆಲವರು ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಬೇಗ ಬೇಗ ಒಳಗೆ ಹೋಗುತ್ತಿದ್ದರು. ಬಹಳ ಕೆಲಸದ ಜನ, ಪಾಪ.

ಹೀಗಿರುವಾಗ ಪ್ರದರ್ಶನದ ಸುದ್ದಿ ಬಂತು. ವಯಸ್ಕರ ತರಗತಿಯವರು ಮನೆಯವರ ಮುಂದೆ ಒಬ್ಬೊಬ್ಬರಾಗಿ ಸ್ಕೇಟಿಂಗ್ ಮಾಡಿ ತೋರಿಸಬೇಕು. ನನ್ನವಳದು ಕೊನೆಯಲ್ಲಿ ಒಂದು ಜಿಗಿತವೂ ಇದೆಯಂತೆ, ಗಾಳಿಯಲ್ಲೇ ತಿರುಗಿ ಇಳಿಯುವುದು.

"ಬರ್ತೀರಾ?" ಎಂದಳು.

"ಆವತ್ತೇ ಒಂದು ಸೋಫಾ ಕೊಡ್ಬೇಕು..."

ಅವಳು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಅವಳು ಜಗಳವಾಡಲಿಲ್ಲ. "ಸರಿ," ಎಂದಳು. "ಎಲ್ಲರ ಮನೆಯವರೂ ಬರ್ತಾರೆ. ನನಗೆ ಅಮ್ಮ ಇದ್ದಾರಲ್ಲ." ಆ 'ಸರಿ' ಎರಡು ದಿನ ನನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮೂರನೆಯ ದಿನ, ಪ್ರದರ್ಶನದ ಬೆಳಿಗ್ಗೆಯೇ, ಸೋಫಾದವರಿಗೆ ಫೋನು ಮಾಡಿ ನಾಳೆ ಕೊಡುತ್ತೇನೆಂದೆ. ಅವಳಿಗೆ ತಿಳಿಸದೆ, ಕಾರ್ಯಕ್ರಮ ಶುರುವಾದ ಮೇಲೆ ಮೆಲ್ಲಗೆ ಒಳಹೊಕ್ಕು ಕಟಕಟೆಯ ಮುಂದಿನ ಸಾಲಿನಲ್ಲಿ ಅತ್ತೆಯವರ ಪಕ್ಕ ಕುಳಿತೆ.

"ಬಂದ್ರಾ!" ಎಂದರು ಅತ್ತೆ. "ಕಣ್ಣು ಮುಚ್ಕೋಬೇಡಿ ಮತ್ತೆ."

ಸಂಗೀತ ಶುರುವಾಯಿತು. ಅವಳು ಬಂದಳು. ನಾನು ಕಂಡಿದ್ದು ಕಟಕಟೆ ಹಿಡಿದು ನಡುಗುತ್ತಿದ್ದ ಹೆಂಗಸನ್ನು. ಇವಳು ಬೇರೆ ಯಾರೋ! ಬೆನ್ನು ನೆಟ್ಟಗೆ, ಕೈ ಚಾಚಿ, ಬಟ್ಟೆಯ ಮೇಲೆ ಕತ್ತರಿ ಓಡುವಂತೆ ಐಸಿನ ಮೇಲೆ ಸಾಗುತ್ತಿದ್ದಾಳೆ. ನನ್ನ ಹೆಂಡತಿಗೆ ಇದೆಲ್ಲ ಬರುತ್ತದೆಂದು ಊರಿಗೆಲ್ಲ ಗೊತ್ತು, ನನಗೊಬ್ಬನಿಗೇ ಗೊತ್ತಿಲ್ಲ. ಒಂದು ಸುತ್ತು ಮುಗಿಸಿ ನಮ್ಮ ಕಡೆ ತಿರುಗಿದಳು. ಅತ್ತೆಯವರನ್ನು ನೋಡಿದಳು, ಅವರ ಪಕ್ಕದಲ್ಲಿ ನನ್ನನ್ನು ನೋಡಿದಳು, ಬಾಯಿ ಬಿಟ್ಟಳು, ಎಡಗಡೆಗೆ ಧೊಪ್ಪೆಂದು ಬಿದ್ದಳು.

ಆಮೇಲೆ ನಡೆದದ್ದಕ್ಕೆ ನನ್ನ ಬುದ್ಧಿ ಹೊಣೆಯಲ್ಲ, ಕಾಲುಗಳೇ ಹೊಣೆ. ಕಟಕಟೆಯ ಬಾಗಿಲು ತಳ್ಳಿ, ಹಾಕಿಕೊಂಡಿದ್ದ ಚಪ್ಪಲಿಯಲ್ಲೇ ಐಸಿನ ಮೇಲೆ ಓಡಿದೆ. ನಾಲ್ಕು ಹೆಜ್ಜೆ ಓಡಿದೆ ಎಂದು ನನ್ನ ನೆನಪು, ಒಂದೇ ಎಂದು ಅತ್ತೆಯವರ ಸಾಕ್ಷ್ಯ. ಎರಡೂ ಕಾಲು ಆಕಾಶಕ್ಕೆ ಏರಿದವು, ಉಳಿದ ನಾನು ಹಿಂಭಾಗವೂರಿ ಕುಳಿತು ಅಂಗಳದ ನಡುವಿನವರೆಗೂ ಜಾರಿಕೊಂಡು ಹೋದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಅಲ್ಲಿ ಮಣ್ಣೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದಲ್ಲಿ ಇತ್ತು ಎಂದುಕೊಂಡರಂತೆ.

ಅಷ್ಟರಲ್ಲಿ ಅವಳು ಎದ್ದು, ಸರ್ರನೆ ನನ್ನ ಹತ್ತಿರ ಬಂದು ನಿಂತಿದ್ದಳು.

"ಏನ್ರೀ ಇದು! ಪೆಟ್ಟಾಯ್ತಾ?"

"ನನ್ನ ವಿಷಯ ಬಿಡು. ನಿನಗೆ?"

"ನನಗೇನು, ಪ್ಯಾಡಿದೆಯಲ್ಲ."

"ಹೂಂ, ದಪ್ಪದ್ದೇ ಎಡಗಡೆ ಇದೆ," ಎಂದೆ ಬಿದ್ದಲ್ಲಿಂದಲೇ, ಹೆಮ್ಮೆಯಿಂದ. "ಪ್ರತಿ ವಾರ ನಾನೇ ಬದಲಾಯಿಸಿ ಇಡ್ತಿದ್ದೆ."

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಬೇಕು ಅಂತ ಮಾಡ್ತಿದ್ರಾ? ನಿಮಗೆ ಎಡ ಬಲ ಗೊತ್ತಾಗಲ್ಲ ಅಂದ್ಕೊಂಡೆ! ಆ ತೆಳ್ಳಗಿರೋದು ನನ್ನ ಎಡಕ್ಕೆ ಹೊಂದ್ಕೊಂಡಿತ್ತು. ದಪ್ಪದ್ದಿದ್ರೆ ತಿರುಗುವಾಗ ಒಂದು ಕಡೆ ಎಳೆದ ಹಾಗಾಗ್ತಿತ್ತು. ಪಾಪ, ಒಗೆದು ಪೌಡರ್ ಹಚ್ಚಿ ಕೊಡ್ತಾರೆ, ತಪ್ಪು ತೋರಿಸಿದ್ರೆ ಬೇಜಾರಾಗ್ತಾರೆ ಅಂತ, ಇಲ್ಲಿಗೆ ಬಂದ ಮೇಲೆ ಸುಮ್ಮನೆ ನಾನೇ ತಿರುಗಾ ಬದಲಾಯಿಸ್ಕೊಳ್ತಿದ್ದೆ."

ನನ್ನ ಮಹಾ ವಿಚಾರ ಐಸಿನ ಮೇಲೆ ನನ್ನ ಪಕ್ಕದಲ್ಲೇ ಮಲಗಿಕೊಂಡಿತು. "ಅಂದ್ರೆ ಇಷ್ಟು ದಿನ ನೀನು ಬೀಳ್ತಿದ್ದದ್ದು ತೆಳ್ಳಗಿನದರ ಮೇಲೇನಾ? ಮತ್ತೆ ಅದು ಇನ್ನಷ್ಟು ಸವೆದಿಲ್ಲ ಯಾಕೆ?"

"ಬಿದ್ರೆ ತಾನೇ ಸವೆಯೋಕೆ!" ಎಂದಳು. "ನಾನು ಬೀಳೋದು ಬಿಟ್ಟು ಎಷ್ಟು ತಿಂಗಳಾಯ್ತು. ಒಂದು ದಿನ ಬಂದು ನೋಡಿದ್ರೆ ಗೊತ್ತಾಗ್ತಿತ್ತು."

ಅವಳು ನನ್ನ ಎರಡೂ ಕೈ ಹಿಡಿದು, ಸಾಮಾನಿನ ಗಾಡಿ ಎಳೆಯುವಂತೆ ಎಳೆದು ತಂದು ಕಟಕಟೆಗೆ ಒರಗಿಸಿದಳು. "ಇಲ್ಲೇ ಇರಿ. ಅಲ್ಲಾಡ್ಬೇಡಿ. ನೋಡಿ," ಎಂದು ಟೀಚರಿಗೆ ಸನ್ನೆ ಮಾಡಿದಳು. ಸಂಗೀತ ಮೊದಲಿನಿಂದ ಶುರುವಾಯಿತು. ನಾನು ಕಣ್ಣು ಮುಚ್ಚಲಿಲ್ಲ. ಕೊನೆಯಲ್ಲಿ ಅವಳು ನೆಲ ಬಿಟ್ಟು ಮೇಲೆದ್ದಳು, ತಿರುಗಿದಳು, ಒಂದೇ ಕಾಲಿನ ಮೇಲೆ ಇಳಿದು ಹಿಂದಕ್ಕೆ ಜಾರಿ ನಿಂತಳು. ಹತ್ತು ವರ್ಷದ ಹುಡುಗಿಯ ಹಾಗೆ ನಗುತ್ತಿದ್ದಳು. ನನಗೆ ಕಣ್ಣೀರು ಕಿತ್ತುಕೊಂಡು ಬಂತು.

"ಅಯ್ಯೋ, ಅಳಿಯಂದ್ರಿಗೆ ಸೊಂಟ ಮುರಿದು ಹೋಗಿದೆ! ಅಳ್ತಾ ಇದ್ದಾರೆ!" ಎಂದು ಅತ್ತೆಯವರು ಕೂಗಿಕೊಂಡರು. ಪ್ರಥಮ ಚಿಕಿತ್ಸೆಯವರು ಇಬ್ಬರು ಓಡಿ ಬಂದರು. ಸೊಂಟಕ್ಕೆ ಅಳುತ್ತಿಲ್ಲ ಎಂದು ಅಷ್ಟು ಜನರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಬೆಂಚಿನ ಮೇಲೆ ಬೋರಲಾಗಿ ಮಲಗಿಸಿ, ಹಿಂಭಾಗಕ್ಕೆ ಐಸಿನ ಚೀಲವಿಟ್ಟು ಹೋದರು.

ಅವಳು ಬಂದು ನನ್ನ ತಲೆಯ ಪಕ್ಕದಲ್ಲಿ ಕುಳಿತಳು. ಇನ್ನೂ ಏದುಸಿರು ಬಿಡುತ್ತಿದ್ದಳು.

"ಅಷ್ಟು ನೋಯ್ತಿದೆಯಾ?"

"ನೋವಿಗಲ್ಲ ಕಣೇ. ನೀನು ಎಷ್ಟು ಚೆನ್ನಾಗಿ ಹಾರಿದೆ!"

ಅವಳದು ಸೆರಗಿಲ್ಲದ ಉಡುಪಾದ್ದರಿಂದ ನನ್ನ ಕರವಸ್ತ್ರವನ್ನೇ ಕಿತ್ತುಕೊಂಡು ಮೊದಲು ತನ್ನ ಕಣ್ಣೊರೆಸಿಕೊಂಡು, ಆಮೇಲೆ ನನ್ನ ಮೂಗೊರೆಸಿದಳು.

"ಬೇಗ ಹುಷಾರಾಗಿ," ಎಂದಳು. "ಮುಂದಿನ ವಾರದಿಂದ ಪ್ರತಿ ಶನಿವಾರ ಒಳಗೇ ಬಂದು ಕೂರ್ಬೇಕು. ನಿಮ್ಮ ಮುಖ ನೋಡಿದ ಮೇಲೂ ಬೀಳದೆ ಇರೋದೊಂದು ನಾನು ಇನ್ನೂ ಕಲೀಬೇಕು."