ಮಾವನನ್ನು ಕೊನೆಯ ಸಲ ನೋಡಿದ್ದು

ಬೆಳಗಿನ ಕಾಫಿ ಮುಗಿಯುವ ಮೊದಲೇ ಗಾಯಕನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಮೆಲ್ಲಗೆ ಮಾವ ಇನ್ನಿಲ್ಲ ಎಂದು ಫೋನಿನಲ್ಲಿ ಸುದ್ದಿ ಬಂದಿತ್ತು.

ಮೆಲ್ಲಗೆ ಮಾವ ಗಾಯಕನಿಗೆ ನಿಜವಾದ ಮಾವನೇನಲ್ಲ. ಟಿವಿಯಲ್ಲಿ ಒಂದೇ ಒಂದು ಚಾನೆಲ್ ಇದ್ದ ಕಾಲದಲ್ಲಿ ವಾರಕ್ಕೊಮ್ಮೆ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದವರು. ತೋಳಿಲ್ಲದ ಸ್ವೆಟರು, ಮೂಗಿನ ತುದಿಗೆ ಜಾರುವ ಕನ್ನಡಕ. ಕಾಗದದ ದೋಣಿ ಮಡಿಸುವಾಗ ಯಾವ ಮಗು ತಡವರಿಸಿದರೂ "ಮೆಲ್ಲಗೆ ಪುಟ್ಟಾ, ಆತುರವೇನಿಲ್ಲ" ಎನ್ನುತ್ತಿದ್ದರು. ಮನೆಯಲ್ಲೂ ಶಾಲೆಯಲ್ಲೂ "ಬೇಗ, ಬೇಗ" ಎಂಬುದನ್ನಷ್ಟೇ ಕೇಳಿ ಬೆಳೆಯುತ್ತಿದ್ದ ಮಕ್ಕಳಿಗೆ ಅವರೆಂದರೆ ಪ್ರಾಣ.

ನಮ್ಮ ಗಾಯಕನಿಗೆ ಹಾಡಲು ಬರುವುದಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಆರು ವರ್ಷದವನಿದ್ದಾಗ ಶಾಲೆಯವರು ಕರೆದುಕೊಂಡು ಹೋಗಿ ಆ ಕಾರ್ಯಕ್ರಮದಲ್ಲಿ ಹಾಡಿಸಿದ್ದರು, ಮೆಲ್ಲಗೆ ಮಾವ ಮುಖದ ಹತ್ತಿರ ಮುಖ ತಂದು ಶಹಬ್ಬಾಸ್ ಎಂದಿದ್ದರು ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದರಿಂದ ಗಿಟ್ಟಿದ್ದು ಈ ಅಡ್ಡಹೆಸರೊಂದೇ. ಪ್ರಸಾರವಾದ ದಿನ ಅವರ ಬೀದಿಗೇ ಕರೆಂಟಿರಲಿಲ್ಲವಾಗಿ ಹೆತ್ತವರೂ ನೋಡಿರಲಿಲ್ಲ. ಹೆಂಡತಿ ಮದುವೆಯಾದ ಹೊಸತರಲ್ಲಿ ನಂಬಿದಂತೆ ಮಾಡಿ ಆಮೇಲೆ ಅದನ್ನೂ ಬಿಟ್ಟಳು. ಅವರ ಜೊತೆಯಲ್ಲೇ ಇರುವ ಅವಳ ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಪ್ರಮೇಯ ಬಿಡಿಸುವವರಂತೆ ಅವರದು ಯಾವಾಗಲೂ ಒಂದೇ ಪ್ರಶ್ನೆ: "ದತ್ತ ಗೊತ್ತಾಯ್ತು. ಸಾಧನೆ ಎಲ್ಲಿ?"

ಆ ಸಾಧನೆ, ಅಂದರೆ ಪುರಾವೆ, ಇವತ್ತು ಸಿಗುವುದರಲ್ಲಿತ್ತು. ಅಗಲಿದವರ ನೆನಪಿಗಾಗಿ, ಉಳಿದಿರುವ ಒಂದೇ ಒಂದು ಹಳೆಯ ಕಂತನ್ನು ಸಂಜೆ ತೋರಿಸುತ್ತಾರಂತೆ. ಯಾವ ಕಂತೆಂದು ಗಾಯಕ ಎರಡೆರಡು ಸಲ ಓದಿದ. ಅವನ ಶಾಲೆಯ ಮಕ್ಕಳು ಹಾಡಿದ್ದೇ ಅದು. ನಿಂತಲ್ಲೇ ಎಡಗಾಲಿನ ಹೆಬ್ಬೆರಳಿನಿಂದ ಬಲಗಾಲಿನ ಹಿಮ್ಮಡಿಯನ್ನು ಪರಪರ ಉಜ್ಜತೊಡಗಿದ. ಗಾಬರಿಯಾದಾಗಲೆಲ್ಲ ಅವನದು ಅದೇ ಚಾಳಿ.

"ರೀ, ಕಾಲು ಉಜ್ಜೋದು ನಿಲ್ಲಿಸಿ. ಎಲ್ಲಾ ಸಾಕ್ಸೂ ಅಲ್ಲೇ ತೂತು" ಎಂದು ಹೆಂಡತಿ ಗದರಿದಳು.

ಅವನು ಅಂಗಡಿಯ ಯಜಮಾನರಿಗೆ ಸಂದೇಶ ಬರೆದ: "ಮಾವ ಹೋಗಿಬಿಟ್ಟರು. ಸಂಜೆ ಕೊನೆಯ ಸಲ ನೋಡಬೇಕು. ಇವತ್ತು ರಜೆ ಕೊಡಿ." ಒಂದಕ್ಷರವೂ ಸುಳ್ಳಿರಲಿಲ್ಲ. ಯಜಮಾನರಿಂದ ಕೈಮುಗಿದ ಚಿತ್ರ ಬಂತು. ಎಂಥ ದೊಡ್ಡ ಮನಸ್ಸು ಎಂದುಕೊಂಡ.

ಯಜಮಾನರು ರಜೆ ಕೊಡುವುದರಲ್ಲಿ ಮಹಾ ಜಿಪುಣರು, ಆದರೆ ಸಾವಿನ ಮನೆಯೆಂದರೆ ಎಲ್ಲರಿಗಿಂತ ಮುಂದೆ. ಮಧ್ಯಾಹ್ನವೇ ಅಂಗಡಿಯ ಬಾಗಿಲು ಹಾಕಿಸಿ, ಕಣ್ಣು ಪರೀಕ್ಷೆ ಮಾಡುವವರನ್ನೂ ಕ್ಯಾಶಿನ ಮೇಡಮ್ಮನ್ನೂ ಹೊರಡಿಸಿಕೊಂಡು, ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಹೂಗುಚ್ಛ ಹೊತ್ತು ಬಂದರು. ಹೂವು ಕಂಡದ್ದೇ ತಡ, ಮಹಡಿಯ ಮನೆಯಾಕೆ ಫ್ಲಾಸ್ಕಿನ ತುಂಬ ಚಹಾ ತುಂಬಿಕೊಂಡು ಹಿಂದೆಯೇ ಇಳಿದಳು. ಎದುರುಮನೆಯವರು ಕೇಳದಿದ್ದರೂ ಕುರ್ಚಿ ತಂದರು.

ಬಾಗಿಲು ತೆಗೆದವರು ಗಣಿತದ ಮೇಷ್ಟ್ರು. ಯಜಮಾನರು ಅವರನ್ನು ಮೊದಲು ನೋಡಿದ್ದಿಲ್ಲ. ಎರಡೂ ಕೈ ಹಿಡಿದುಕೊಂಡು, "ಸಮಾಧಾನ ಮಾಡ್ಕೊಳ್ಳಿ. ತೀರಿಕೊಂಡವರು ತಮಗೆ ಏನಾಗಬೇಕು?" ಎಂದರು.

"ಯಾರು ತೀರಿಕೊಂಡಿದ್ದು?"

"ನಮ್ಮ ಗಾಯಕನ ಮಾವ."

ಮೇಷ್ಟ್ರು ಒಂದು ಕ್ಷಣ ಲೆಕ್ಕ ಹಾಕಿದರು. "ಅವನಿಗಿರೋದು ಒಬ್ಬನೇ ಮಾವ. ಅದು ನಾನು. ಬೆಳಿಗ್ಗೆಯಿಂದ ನನಗೇನೂ ಹೆಚ್ಚುಕಡಿಮೆ ಅನ್ನಿಸಿಲ್ಲ."

ಒಳಗೆ ಟಿವಿಯ ವೈರು ಬಿಗಿ ಮಾಡುತ್ತಿದ್ದ ಗಾಯಕ ಹೊರಗೆ ಇಣುಕಿದ. ಮಾವನ ಕೈಯಲ್ಲಿ ಹೂಗುಚ್ಛ, ಅದಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಮಾವನ ಆತ್ಮಕ್ಕೆ ಶಾಂತಿ. ಟಿವಿಯ ಮಾವ, ಮನೆಯ ಮಾವ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವನ ನಾಲಿಗೆ ಒಣಗಿತು. ಚಹಾ ಆಗಲೇ ಬಗ್ಗಿಸಿಯಾಗಿತ್ತು, ಆದ್ದರಿಂದ ಯಾರೂ ಏಳಲಿಲ್ಲ.

"ನನ್ನ ಅಂಗಡಿ ಬಾಗಿಲು ಹಾಕಿಸಿದೀಯ. ಆಯ್ತು, ನಾವೂ ನೋಡ್ತೀವಿ" ಎಂದರು ಯಜಮಾನರು. "ಟಿವಿಯಲ್ಲಿ ನೀನು ಕಂಡರೆ ಸರಿ. ಇಲ್ಲ ಅಂದ್ರೆ ಈ ತಿಂಗಳೆಲ್ಲ ಭಾನುವಾರವೂ ಕೆಲಸಕ್ಕೆ ಬಾ."

ಗಾಯಕ ಎದೆಯುಬ್ಬಿಸಿ ಒಪ್ಪಿದ. ಅವನಿಗೆ ಬೇಕಾದದ್ದೂ ಅಷ್ಟೇ: ಇಷ್ಟು ಜನ, ಅದರಲ್ಲೂ ಈ ಮೇಷ್ಟ್ರು, ಒಂದು ಸಲ ನೋಡಿ ನಂಬಬೇಕು.

ಕಾರ್ಯಕ್ರಮ ಶುರುವಾಯಿತು. ಮೆಲ್ಲಗೆ ಮಾವ ಸ್ವೆಟರು ಎಳೆದುಕೊಂಡು ನಕ್ಕರು. ಯಜಮಾನರ ಮುಖ ಕೂಡ ಸಡಿಲವಾಯಿತು. ಅವರೂ ಒಂದು ಕಾಲಕ್ಕೆ ಮಗುವಾಗಿದ್ದವರಲ್ಲವೆ. ಬರಿಗಾಲಲ್ಲಿ ಸಾಲಾಗಿ ಕೂತ ಮಕ್ಕಳು ಒಬ್ಬೊಬ್ಬರಾಗಿ ಹಾಡಿದರು. "ಮುಂದಿನದು ನಾನೇ" ಎಂದು ಗಾಯಕ ಎದ್ದು ನಿಂತ.

ಮುಂದಿನ ಹುಡುಗನ ಕಡೆಗೆ ಕ್ಯಾಮೆರಾ ತಿರುಗುವಷ್ಟರಲ್ಲಿ ಅವನು ಪಕ್ಕದಲ್ಲಿದ್ದ ಮೇಜಿನ ಹೊದಿಕೆ ಎತ್ತಿ ಒಳಗೆ ನುಸುಳಿಬಿಟ್ಟ. ಹೊರಗೆ ಉಳಿದದ್ದು ಎರಡು ಕಾಲು. ಒಳಗಿನಿಂದ ಕೇಳಿದ್ದು ಹಾಡಲ್ಲ, ಗಂಟಲು ಹರಿಯುವಂಥ ಅಳು.

ಮೆಲ್ಲಗೆ ಮಾವ ಗಾಬರಿಯಾಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮಂಡಿಯೂರಿ, ತಾವೂ ಒಳಗೆ ತೂರಿದರು. ಟಿವಿಯಲ್ಲಿ ಈಗ ಒಂದು ಮೇಜು, ನಾಲ್ಕು ಕಾಲು. "ಅಳು ಬಂದ್ರೆ ಅಳು ಪುಟ್ಟಾ, ಹಾಡು ಬಂದ್ರೆ ಹಾಡು. ಆತುರವೇನಿಲ್ಲ. ನಾನೂ ಇಲ್ಲೇ ಇರ್ತೀನಿ" ಎಂಬ ದನಿ ಕೇಳಿತು.

ಗಾಯಕನಿಗೆ ಎಲ್ಲವೂ ಒಮ್ಮೆಲೇ ನೆನಪಾಯಿತು. ಇಷ್ಟು ವರ್ಷ ಅವನು ಬೇಕೆಂದು ಸುಳ್ಳು ಹೇಳಿರಲಿಲ್ಲ; ಹತ್ತಿರ ಬಂದ ಆ ಮುಖವನ್ನು ಮಾತ್ರ ಮನಸ್ಸು ಉಳಿಸಿಕೊಂಡು, ಮೇಜನ್ನೂ ಅಳುವನ್ನೂ ಬಿಟ್ಟುಬಿಟ್ಟಿತ್ತು. ಎಷ್ಟು ಒಳ್ಳೆಯ ಮನುಷ್ಯ ಎಂದು ದುಃಖ ಉಕ್ಕಿ ಬಂತು. ಅಷ್ಟರಲ್ಲಿ ಹಿಂದಿನಿಂದ ಕ್ಯಾಶಿನ ಮೇಡಂ ಕಿಸಕ್ಕೆಂದರು. ದುಃಖ ಹಾಗೆಯೇ ಇಳಿದು ಮಾನದ ಪ್ರಶ್ನೆ ಮೇಲೆ ಬಂತು.

"ಅದು ನಾನಲ್ಲ" ಎಂದ ಗಾಯಕ. "ಬೇರೆ ಯಾರೋ ಹುಡುಗ. ನಾನು ಆಮೇಲೆ ಬರ್ತೀನಿ ಅನ್ಸುತ್ತೆ."

ಹೆಂಡತಿ ಟಿವಿಯತ್ತ ಬೆರಳು ತೋರಿಸಿದಳು. ಮೇಜಿನಿಂದ ಹೊರಗೆ ಚಾಚಿದ್ದ ಪುಟ್ಟ ಎಡಗಾಲಿನ ಹೆಬ್ಬೆರಳು ಬಲಗಾಲಿನ ಹಿಮ್ಮಡಿಯನ್ನು ಪರಪರ ಉಜ್ಜುತ್ತಿತ್ತು. ಎಲ್ಲರ ಕಣ್ಣೂ ಟಿವಿಯಿಂದ ಕೆಳಗಿಳಿದು ಗಾಯಕನ ಕಾಲಿಗೆ ಬಂದವು. ಅಲ್ಲಿಯೂ ಅದೇ ಕೆಲಸ ನಡೆದಿತ್ತು.

"ದತ್ತ ಅಲ್ಲಿದೆ, ಸಾಧನೆ ಇಲ್ಲಿದೆ" ಎಂದರು ಮೇಷ್ಟ್ರು, ಹೂಗುಚ್ಛವನ್ನು ಅಳಿಯನ ಕೈಗೆ ಕೊಡುತ್ತ. "ಇನ್ನು ನನಗೆ ಯಾವ ಅನುಮಾನವೂ ಇಲ್ಲಪ್ಪ."

ಅದು ನಾನೇ ಎಂದು ಆಣೆ ಇಟ್ಟಾಗ ಇಷ್ಟು ವರ್ಷ ಒಬ್ಬರೂ ನಂಬಿರಲಿಲ್ಲ. ನಾನಲ್ಲ ಎಂದು ಇವತ್ತು ಆಣೆ ಇಟ್ಟರೆ ಅದನ್ನೂ ಒಬ್ಬರೂ ನಂಬಲಿಲ್ಲ. ಮಹಡಿಯಾಕೆಯಂತೂ ಬೀದಿಗೆಲ್ಲ ಹೇಳಲು ಫ್ಲಾಸ್ಕು ಮರೆತು ಓಡಿದಳು.

"ಹೋಗಲಿ ಬಿಡಿ, ನಾನೇ" ಎಂದು ಗಾಯಕ ಕೊನೆಗೆ ಸೋತ. "ಭಾನುವಾರದ ರಜೆಯಾದರೂ ಉಳೀತಲ್ಲ."

ಯಜಮಾನರು ಚಪ್ಪಲಿ ಹುಡುಕುತ್ತ ತಲೆಯಾಡಿಸಿದರು. "ನೀನಲ್ಲ ಅಂತ ಇಷ್ಟು ಜನರ ಮುಂದೆ ನೀನೇ ಹೇಳಿದ್ಯಲ್ಲಪ್ಪ. ಭಾನುವಾರ ಬಂದ್ಬಿಡು. ಬೇಗ ಬಾ."

ಗಾಯಕ ಊಟದ ಮೇಜಿನ ಕೆಳಗೆ ಒಮ್ಮೆ ನೋಡಿದ. ಒಬ್ಬ ಕೂರುವಷ್ಟು ಜಾಗವಿತ್ತು. ಆದರೆ ಹಿಂದೆಯೇ ತೂರಿ ಬರಲು ಈಗ ಮೆಲ್ಲಗೆ ಮಾವ ಇರಲಿಲ್ಲ.