ಒಂದು ಮೊರ ತೌಡು

ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯ ಅಶ್ವತ್ಥಪ್ಪನಿಗೆ ಹೆಂಡತಿಯ ಮೇಲೆ ದೂರೇನೂ ಇರಲಿಲ್ಲ. ಅವಳ ಹೆಸರಿನ ಮೇಲೆ ಮಾತ್ರ ಮೂವತ್ತು ವರ್ಷದ ದೂರಿತ್ತು. ಅವಳ ಹೆಸರು ತೌಡಮ್ಮ. ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬಳಿಗಿಲ್ಲದ ಹೆಸರು. (ಇಟ್ಟುಕೊಳ್ಳಲು ಯಾರಿಗೆ ಧೈರ್ಯ ಬಂದೀತು ಎಂದು ಅವನ ವಾದ.) ಬಂಗಾರಪೇಟೆಯಲ್ಲಿ ಹಸುಗಳಿಗೆ ತೌಡಿನ ಮೂಟೆ ಕೊಳ್ಳುವಾಗಲೂ ‘ಅದು’ ಎಂದು ಬೆರಳು ತೋರಿಸುತ್ತಿದ್ದನೇ ಹೊರತು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ನಡುಪೇಟೆಯಲ್ಲಿ ನಿಂತು ಹೆಂಡತಿಯನ್ನು ಕೂಗಿದಂತಾಗುವುದಲ್ಲ!

ಈ ವರ್ಷ ಸಂಕಟ ಉಲ್ಬಣಿಸಿತು. ಎಲ್ಲರಿಗಿಂತ ಹೆಚ್ಚು ಹಾಲು ಹಾಕಿದ್ದಕ್ಕೆ ಊರಿನ ಡೇರಿಯವರು ತೌಡಮ್ಮನಿಗೆ ಸನ್ಮಾನ ಇಟ್ಟುಕೊಂಡರು. ಬಾಗಿಲಿಗೆ ದೊಡ್ಡ ಫ್ಲೆಕ್ಸ್, ಫ್ಲೆಕ್ಸಿನಲ್ಲಿ ಫೋಟೋ, ಫೋಟೋ ಕೆಳಗೆ ಹೆಸರು. ಅಶ್ವತ್ಥಪ್ಪ ಗುಟ್ಟಾಗಿ ಸೆಕ್ರೆಟರಿ ಶ್ರೀಧರನ ಹತ್ತಿರ ಹೋಗಿ ‘ತಾರಾದೇವಿ’ ಎಂದು ಬರೆಸಲು ಹೇಳಿ, ನಾಮಕರಣ ಮುಗಿಸಿದ ಪುರೋಹಿತನ ಗತ್ತಿನಲ್ಲಿ ಮನೆಗೆ ಬಂದ.

ಜಗಲಿಯ ಮೇಲೆ ಅತ್ತೆ ಮುನಿನಾರಾಯಣಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. (ಹೆಣ್ಣು ಕೊಟ್ಟ ಅತ್ತೆಯೂ ಹೌದು, ಅಪ್ಪನ ತಂಗಿಯೂ ಹೌದು, ಹೀಗಾಗಿ ಅಳಿಯನ ಮರ್ಯಾದೆ ಅರ್ಧಕ್ಕರ್ಧ.) ಖುಷಿ ತಡೆಯಲಾರದೆ ಅವಳಿಗೆ ಹೇಳಿಬಿಟ್ಟ. ಕಾಯಿ ಬಿಡಿಸುವ ಕೈ ನಿಂತಿತು.

“ಇವಳಿಗಿಂತ ಮುಂಚೆ ಮೂರು ಕೂಸು ಮಣ್ಣು ಮಾಡಿದ್ದೆ ಕಣಪ್ಪ. ಇವಳೂ ಓಗ್ತಾಳೆ ಅಂದ್ರು. ಮಗು ನಮ್ದಲ್ಲ ಅಂತ ದೇವ್ರಿಗೆ ಅನ್ನಿಸ್ಬೇಕಲ್ಲ, ಅದುಕ್ಕೆ ಚಾಂಪಿಯನ್ ರೀಫ್ಸ್ ಕದಿರಮ್ಮನ ಮಡ್ಲಿಗೆ ಆಕಿ, ಒಂದು ಮೊರ ತೌಡು ಕೊಟ್ಟು ವಾಪಸ್ ಕೊಂಡ್ಕಂಡೆ.”

ಕದಿರಮ್ಮ ಅಲ್ಲಿನ ಚಿನ್ನದ ಗಣಿ ಕೆಲಸದವನ ಹೆಂಡತಿ, ಅತ್ತೆಯ ಮನೆಯಿಂದ ದಿನಾ ಹಾಲು ಕೊಳ್ಳುತ್ತಿದ್ದ ವರ್ತನೆಯವಳು. ಕೊಳ್ಳುವ ಶಾಸ್ತ್ರಕ್ಕೆ ಬಂದವಳು ಮೂರು ದಿನ ಅಲ್ಲೇ ಉಳಿದು ಮಗುವಿಗೆ ತನ್ನ ಎದೆಹಾಲು ಕುಡಿಸಿದ್ದಳಂತೆ. ಮಗುವಿಗೆ ಜೀವ ಕೂಡಿದ್ದೇ ಆಗ. ಈಗ ಎಂಬತ್ತು ದಾಟಿದ ಆಕೆ ಸನ್ಮಾನ ನೋಡಲು ಆಟೋ ಮಾಡಿಕೊಂಡು ಬರುವವಳಿದ್ದಳು.

“ಮೈಕಲ್ಲಿ ತಾರಾದೇವಿ ಅಂತ ಕರೆದ್ರೆ ಆಯಮ್ಮ ಯಾರಿಗಪ್ಪ ಚಪ್ಪಾಳೆ ತಟ್ಟಬೇಕು?”

ಅಶ್ವತ್ಥಪ್ಪ ಲೆಕ್ಕ ಹಾಕಿದ. ಆ ತೌಡು ಇಲ್ಲದಿದ್ದರೆ ಹೆಂಡತಿಯೂ ಇಲ್ಲ, ಬೆಳಗಿನ ಕಾಫಿಯೂ ಇಲ್ಲ, ಹಟ್ಟಿಯ ಎಂಟು ಹಸುಗಳೂ ಇಲ್ಲ. ಕೈಮುಗಿಯಬೇಕಾದ ಹೆಸರಿಗೆ ಮೂವತ್ತು ವರ್ಷ ಮುಖ ಮುಚ್ಚಿಕೊಂಡಿದ್ದನಲ್ಲ! ತಿದ್ದಿಸಿಬರಲು ಚಪ್ಪಲಿ ಮೆಟ್ಟಿದ.

“ನಿಂದೂ ಕೇಳ್ಕಂಡು ಓಗು,” ಎಂದಳು ಅತ್ತೆ. “ನಿಮ್ಮಮ್ಮಂಗೂ ಎರಡು ಓಗಿದ್ವು. ನಿನ್ನ ತಿಪ್ಪೆ ಮೇಲೆ ಮಲಗ್ಸಿದ್ರು, ನಾನೇ ಎತ್ಕಂಡು ಬಂದಿದ್ದು. ತಿಪ್ಪಯ್ಯ ಅಂತಿತ್ತು ನಿನ್ನ ಎಸ್ರು. ಅಶ್ವತ್ಥಪ್ಪ ಅಂತ ಬರ್ಕಂಡಿದ್ದು ಇಸ್ಕೂಲ್ ಮೇಷ್ಟ್ರು. ಇವಳಿಗೆ ಒಂದು ಮೊರ ತೌಡಾದ್ರೂ ಕೊಟ್ವಿ. ನೀನು ಪುಕ್ಕಟೆ ಬಂದೋನು.”

ಕೊಟ್ಟಿಗೆಯಲ್ಲಿ ತೌಡಮ್ಮ ಹಾಲು ಕರೆಯುವ ಸದ್ದು ನಿಂತಿತ್ತು. ಅದನ್ನು ಅವನು ಗಮನಿಸಬೇಕಿತ್ತು. ಗಮನಿಸದೆ ಶ್ರೀಧರನ ಹತ್ತಿರ ಓಡಿದ.

ಸನ್ಮಾನದ ದಿನ ಫ್ಲೆಕ್ಸ್ ನೋಡಿದರೆ, ‘ಶ್ರೀಮತಿ ತೌಡಮ್ಮ’ ಎಂದು ದಪ್ಪ ಅಕ್ಷರ. ಅದರ ಕೆಳಗೆ ಅಷ್ಟೇ ದಪ್ಪಕ್ಕೆ, ‘ಗಂಡ: ತಿಪ್ಪಯ್ಯ’. ನೀವು ಬಂದುಹೋದ ದಿನ ಸಂಜೆ ಹಾಲು ಹಾಕಲು ಬಂದಾಗ ತೌಡಮ್ಮಕ್ಕನೇ ಬರೆಸಿದ್ದು ಎಂದು ಶ್ರೀಧರ ಕೈಚೆಲ್ಲಿದ. ತೌಡಮ್ಮ ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು.

“ಬದುಕಿಸ್ದೋರು ಇಟ್ಟ ಎಸ್ರು ಮರೀಬಾರ್ದು ಮಾವ. ನಮ್ಮಮ್ಮನೂ ಚಪ್ಪಾಳೆ ತಟ್ಟಬೇಕಲ್ವ?”

ಮೈಕಿನಲ್ಲಿ ತೌಡಮ್ಮ, ತಿಪ್ಪಯ್ಯ ದಂಪತಿಗಳನ್ನು ಕರೆದರು. ಮುಂದಿನ ಸಾಲಿನಲ್ಲಿ ಕದಿರಮ್ಮನೂ ಮುನಿನಾರಾಯಣಮ್ಮನೂ ಒಬ್ಬರನ್ನೊಬ್ಬರು ಮೀರಿಸುವಂತೆ ಚಪ್ಪಾಳೆ ತಟ್ಟಿದರು. ಗಂಡಹೆಂಡತಿ ವೇದಿಕೆ ಹತ್ತುವ ಮೊದಲು ಅವರಿಬ್ಬರ ಕಾಲಿಗೆ ಬಿದ್ದರು. ಅಶ್ವತ್ಥಪ್ಪ ಏಳುವುದು ಸ್ವಲ್ಪ ತಡವಾಯಿತು, ಕಣ್ಣು ಒರೆಸಿಕೊಳ್ಳಬೇಕಿತ್ತು.

ಮಾರನೆಯ ದಿನ ಬಂಗಾರಪೇಟೆಯ ಅಂಗಡಿಯಲ್ಲಿ ಅವನು ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ, “ಒಂದು ಮೂಟೆ ತೌಡು” ಎಂದ. ಫ್ಲೆಕ್ಸಿನ ಫೋಟೋವನ್ನು ಆಗಲೇ ಮೊಬೈಲಿನಲ್ಲಿ ನೋಡಿದ್ದ ಅಂಗಡಿಯವನು ಚೀಟಿ ಎತ್ತಿಕೊಂಡು ಬಹಳ ವಿನಯದಿಂದ ಕೇಳಿದ.

“ತಿಪ್ಪಯ್ಯ ಅಂತ ಬರ್ಕೊಳ್ಳಲಾ ಅಣ್ಣ?”