ಮೇಜಿನ ಕೆಳಗಿನ ಡೀಜೆ

ಆದಿತ್ಯನಗರದ ಬೀಗರು ಹೆಣ್ಣಿನ ಕಡೆಯವರ ಮುಂದೆ ಇಟ್ಟದ್ದು ಒಂದೇ ಬೇಡಿಕೆ: ಮದುವೆಗೆ ಕಂಪ್ಯೂಟರ್ ಡೀಜೆ ಇರಬೇಕು. ಬಂಗಾರ ಕೇಳಿದ್ದರೆ ಹೆಣ್ಣಿನ ತಂದೆ ಗುರುಲಿಂಗಯ್ಯ ಕಂಟ್ರಾಕ್ಟರು ಕಣ್ಣು ಮುಚ್ಚಿ ಕೊಟ್ಟುಬಿಡುತ್ತಿದ್ದರು. ಚಿತ್ತಾಪುರದ ಸುತ್ತಲಿನ ನೆಲ ಬಗೆಸಿ ಫರಸಿ ಕಲ್ಲು ಮಾರುವವರಿಗೆ ಬಂಗಾರ ಎಷ್ಟರದು? ಆದರೆ ಕಂಪ್ಯೂಟರ್ ಡೀಜೆ ಎಂದರೆ ಮನುಷ್ಯನೋ, ಯಂತ್ರವೋ, ತಿನ್ನುವ ಪದಾರ್ಥವೋ ಅವರಿಗೆ ತಿಳಿಯದು. ತಿಳಿಯದೆಂದು ಬೀಗರೆದುರು ಹೇಳುವುದುಂಟೆ? ಅದೇನು ದೊಡ್ಡ ಮಾತು ಬಿಡ್ರಿ ಎಂದುಬಿಟ್ಟರು. ದೊಡ್ಡವರು ಗಾಳಿಯಲ್ಲಿ ಎಸೆದ ಮಾತು ಗಾಳಿಯಲ್ಲಿ ಉಳಿಯುವುದಿಲ್ಲ. ಯಾವನೋ ಒಬ್ಬ ಸಣ್ಣ ಮನುಷ್ಯನ ಬೆನ್ನು ಹುಡುಕಿಕೊಂಡು ಬಂದು ಬೀಳುತ್ತದೆ. ಕಲಬುರಗಿಯಿಂದ ಬರಬೇಕಾಗಿದ್ದ ಡೀಜೆ ಮದುವೆಯ ದಿನ ಬೆಳಿಗ್ಗೆ ಕೈಕೊಟ್ಟ. ಮಾತು ನೆಟ್ಟಗೆ ಬಂದು ವಾಡಿಯ ದೇವಿಂದ್ರಪ್ಪನ ಬೆನ್ನಿಗೆ ಬಿತ್ತು.

ದೇವಿಂದ್ರಪ್ಪನದು ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಸೌಂಡ್ ಸರ್ವೀಸು. ತೊಂಬತ್ತರ ದಶಕದಲ್ಲಿ ಹೈದರಾಬಾದಿನ ಯಾವುದೋ ದೊಡ್ಡ ಹೋಟೆಲಿನವರು ಸಿಡಿ ಬಂತೆಂದು ಗುಜರಿಗೆ ಹಾಕಿದ್ದ ಎರಡು ರಿಕಾರ್ಡ್ ಪ್ಲೇಯರುಗಳನ್ನೂ ಅವುಗಳ ನಡುವಿನ ಒಂದು ಮಿಕ್ಸರನ್ನೂ ಅವನು ಪ್ಯಾಸೆಂಜರ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಮಿಕ್ಸರ್ ತರಲಿಕತ್ತೀನಿ ಎಂದು ಹೇಳಿ ಕಳಿಸಿದ್ದಕ್ಕೆ ಹೆಂಡತಿ ಶಿವಕಾಂತಮ್ಮ ಚಟ್ನಿಗೆ ಶೇಂಗಾ ಹುರಿದಿಟ್ಟುಕೊಂಡು ಕಾದಿದ್ದಳು. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಒಂದು ತಟ್ಟೆ ಹಾಡುತ್ತಿರುವಾಗ ಅವನು ಒಂದೇ ಕಿವಿಗೆ ಹೆಡ್‌ಫೋನು ಒತ್ತಿಕೊಂಡು ಇನ್ನೊಂದು ತಟ್ಟೆಯ ಹಾಡು ಕೇಳುವನು, ಅದರ ಓಟವನ್ನು ಇದರ ಓಟಕ್ಕೆ ಹೊಂದಿಸುವನು, ಆಮೇಲೆ ಮಿಕ್ಸರಿನ ನಡುವಿನ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ಆಚೆ ಸರಿಸುವನು. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಕೂಡಿಬಿಡುತ್ತಿತ್ತು. ಹೊಲಿಗೆ ಯಾರಿಗೂ ಕಾಣುತ್ತಿರಲಿಲ್ಲ. ಹೊಲಿದವನೂ ಕಾಣುತ್ತಿರಲಿಲ್ಲ.

ಅವನ ಹೊಟ್ಟೆಯೊಳಗಿನ ಬೆಂಕಿ ಇದೇ. ಮದುವೆಯಲ್ಲಿ ಆಯೇರಿ ಕೂಗುವ ಕೆಲಸವೂ ಅವನದು. ಮಂಟಪದ ಮೇಲೆ ಯಾರು ಯಾರಿಗೆ ಸೀರೆ ಉಡಿಸಿದರು, ಯಾರು ಯಾರ ತಲೆಗೆ ರುಮಾಲು ಸುತ್ತಿದರು ಎಂದು ಹೆಸರು ಹಿಡಿದು ಮೈಕಿನಲ್ಲಿ ಕೂಗಬೇಕು. ಕೂಗದ ಆಯೇರಿ ಕೊಟ್ಟ ಲೆಕ್ಕವಲ್ಲ. ಅಡಿಗೆಯವನಿಗೆ ಕೂಗಿದ್ದಾನೆ, ಬ್ಯಾಂಡಿನವನಿಗೆ ಕೂಗಿದ್ದಾನೆ, ಮುಧೋಳದಲ್ಲಿ ಒಮ್ಮೆ ಮದುಮಗ ಕೂತು ಬಂದ ಕುದುರೆಗೂ ಟವೆಲ್ಲು ಹೊದಿಸಿದ್ದನ್ನು ಊರಿಗೆಲ್ಲ ಕೇಳುವಂತೆ ಕೂಗಿದ್ದಾನೆ. ಅವನ ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ. ಅವನ ದನಿ ಮಂಟಪ ಹತ್ತಬಹುದು, ಅವನು ಹತ್ತುವ ಹಾಗಿಲ್ಲ. ಪೆಂಡಾಲಿನ ಹಿಂದೆ ವಾಯರುಗಳ ನಡುವೆ ಕೂತು, ಎಲ್ಲರದೂ ಮುಗಿದ ಮೇಲೆ ಉಳಿದ ಅನ್ನ ಉಂಡು, ಕುದುರೆಗಿಂತ ಕೆಳಗಿನವನಾಗಿ ಮನೆಗೆ ಬರಬೇಕು. ಇದನ್ನು ಅನ್ಯಾಯ ಎಂದು ಯಾರೂ ಅನ್ನುವುದಿಲ್ಲ. ಪದ್ಧತಿ ಎನ್ನುತ್ತಾರೆ.

ಬೆಳಿಗ್ಗೆ ಜೀಪಿನಿಂದ ಇಳಿಯದೆಯೇ ಗುರುಲಿಂಗಯ್ಯ ಕೇಳಿದ್ದು ಇಷ್ಟು: "ಏ ದೇವಿಂದ್ರ, ನಿನ್ನ ಬಲ್ಲಿ ಕಂಪ್ಯೂಟರ್ ಡೀಜೆ ಅದನೋ ಇಲ್ಲೋ?"

ಇಲ್ರಿ ಎಂದು ದೇವಿಂದ್ರಪ್ಪ ಬಾಯಿ ತೆರೆದ. ಆದರೆ ಪಕ್ಕದಲ್ಲೇ ರೇಡಿಯೋ ರಿಪೇರಿ ಅಂಗಡಿಯ ಮಜೀದಸಾಬ ಇದ್ದ. ಮಂದಿಯ ಬಾಯೊಳಗಿನ ಮಾತನ್ನು ತಾನು ಆಡುವುದು ಅವನಿಗೆ ಹುಟ್ಟಿನಿಂದ ಬಂದ ರೋಗ. "ಅದ ಸಾಹೇಬ್ರ, ಯಾಕಿಲ್ಲ. ಹೊಸಾದು. ಇನ್ನಾ ಡಬ್ಬಿ ಸೈತ ಒಡದಿಲ್ಲ" ಎಂದ.

ಗುರುಲಿಂಗಯ್ಯನವರ ಮುಖ ಬೆಳಗಿತು. ಬೀಗರ ಹಿರಿಯ ಅಯ್ಯಪ್ಪನವರ ಮನಸ್ಸು ತುಂಬಿದರೆ ಮಂಟಪಕ್ಕೆ ಕರೆದು ರುಮಾಲು ಸುತ್ತಿಸುತ್ತೇನೆ, ಮೈಕಿನಲ್ಲಿ ಕೂಗಿಸುತ್ತೇನೆ ಎಂದು ಮಾತು ಕೊಟ್ಟರು. ಜೀಪು ಹೋಯಿತು. ಇಲ್ಲ ಎನ್ನಲು ತೆರೆದಿದ್ದ ದೇವಿಂದ್ರಪ್ಪನ ಬಾಯಿ ರುಮಾಲು ಎಂಬ ಮಾತು ಕೇಳಿ ಹಾಗೆಯೇ ಉಳಿದಿತ್ತು.

"ನಿನ್ನ ಹಾಡು ಯಾರಿಗಿ ಬೇಕಾಗ್ಯಾದ ಭಾಯಿ" ಎಂದ ಮಜೀದಸಾಬ. "ಅವರಿಗಿ ಡಬ್ಬಿ ಬೇಕು. ಡಬ್ಬಿ ಮ್ಯಾಲ ಇಡು, ನಿನ್ನ ರಿಕಾರ್ಡ ಮೇಜಿನ ತೆಳಗ ಇಡು. ಕಿವಿಗಿ ಏನ್ ತಿಳೀತದ, ಕಣ್ಣು ಹೇಳಿದ್ದ ಕೇಳ್ತದ ಅದು."

ಡಬ್ಬಿ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಕೌಸ್ತುಭನ ಹತ್ತಿರ. ಅಲ್ಲಿಗೆ ಹೋದರೆ ಮೊದಲು ಚಪ್ಪಲಿ ಬಿಡಬೇಕು. ಧೂಳು ತಾಗಿದರೆ ಕಂಪ್ಯೂಟರಿಗೆ ಜ್ವರ ಬರುತ್ತದೆಂದು ಅವನು ಊರಿಗೆಲ್ಲ ನಂಬಿಸಿದ್ದ. ಸಿಮೆಂಟಿನ ಧೂಳಿನಲ್ಲೇ ಹುಟ್ಟಿ ಸಾಯುವ ವಾಡಿಯ ಮಂದಿಯ ಎದೆಯ ಬಗ್ಗೆ ಯಾರೂ ಇಷ್ಟು ಕಾಳಜಿ ಮಾಡಿದ್ದಿಲ್ಲ. ಸತ್ತ ಮಾನಿಟರೊಂದು ಮೂಲೆಯಲ್ಲಿ ಬಿದ್ದಿತ್ತು. ಕೊಡಲು ಕೌಸ್ತುಭ ಒಪ್ಪಿದ, ಆದರೆ ಡಬ್ಬಿಯ ಜೊತೆ ತಾನೂ ಬರುತ್ತೇನೆ, ತನ್ನ ಕ್ಲಾಸಿನ ಬೋರ್ಡೂ ಬರಬೇಕು ಎಂದ. ಮಜೀದಸಾಬ ಮಾನಿಟರಿನ ಹೊಟ್ಟೆ ಬಗೆದು ಒಳಗೆ ಮದುವೆಯ ಬಣ್ಣದ ಸೀರೀಸ್ ಬಲ್ಬುಗಳನ್ನು ತುರುಕಿದ. ಪ್ಲಗ್ಗು ಹಾಕಿದರೆ ಗಾಜಿನ ಹಿಂದೆ ಕೆಂಪು, ಹಸಿರು, ಹಳದಿ ಮಿಣುಕತೊಡಗಿತು. ಬದುಕಿದ್ದಾಗಲೂ ಅದು ಇಷ್ಟು ಚೆಂದ ಕಂಡಿರಲಿಕ್ಕಿಲ್ಲ.

ಶಿವಕಾಂತಮ್ಮ ಎಲ್ಲ ನೋಡಿ, "ಹೆಣಕ್ಕ ಸಿಂಗಾರ ಮಾಡಿ ಮದವಿಗಿ ಒಯ್ಯೋರ್ನ ಇದೇ ಮೊದಲ ನೋಡಿದೆ" ಎಂದಳು. ಗಂಡ ಕೇಳಿಸಿಕೊಳ್ಳಲಿಲ್ಲ. ಅವನು ಕನ್ನಡಿಯ ಮುಂದೆ ನಿಂತು ತಲೆಗೆ ಟವೆಲ್ಲು ಸುತ್ತಿ, ರುಮಾಲು ತನಗೆ ಹೇಗೆ ಒಪ್ಪೀತೆಂದು ನೋಡಿಕೊಳ್ಳುತ್ತಿದ್ದ.

ಅವಮಾನ ಟೆಂಪೋದಿಂದಲೇ ಶುರುವಾಯಿತು. ಡ್ರೈವರು ಮಾನಿಟರನ್ನು ನೋಡಿದ್ದೇ ಮುಂದಿನ ಸೀಟನ್ನು ಒರೆಸಿ ಅದನ್ನು ಕೂರಿಸಿದ, ಪಕ್ಕದಲ್ಲಿ ಕೌಸ್ತುಭನನ್ನು ಕೂರಿಸಿದ. ದೇವಿಂದ್ರಪ್ಪ ಹಿಂದೆ ಮೈಕಿನ ಭೋಂಗಾಗಳ ನಡುವೆ, ಬಿಸಿಲಿಗೆ ಕಾದ ತಗಡಿನ ಮೇಲೆ, ರಿಕಾರ್ಡುಗಳು ಬಾಗಬಾರದೆಂದು ತನ್ನ ಅಂಗಿ ಬಿಚ್ಚಿ ಅವಕ್ಕೆ ಹೊದಿಸಿ ಕೂತ. ಮದುವೆಯ ಊರು ಚಿತ್ತಾಪುರ ಮುಟ್ಟುವ ಹೊತ್ತಿಗೆ ಅವನು ತವೆಯ ಮೇಲಿನ ರೊಟ್ಟಿಯಂತೆ ಎರಡೂ ಮಗ್ಗುಲು ಬೆಂದಿದ್ದ.

ಪೆಂಡಾಲಿನಲ್ಲಿ ಇನ್ನೂ ಸೊಗಸು. ಡಬ್ಬಿಯನ್ನು ಇಳಿಸಲು ನಾಲ್ಕು ಮಂದಿ ಓಡಿ ಬಂದರು. ಭೋಂಗಾ ಇಳಿಸಲು ಯಾರೂ ಬರಲಿಲ್ಲ. ಮಂಟಪದ ಪಕ್ಕದಲ್ಲೇ ಮೇಜು ಹಾಕಿದರು. ದೇವಿಂದ್ರಪ್ಪನಿಗೆ ಒಂದು ಕ್ಷಣ ಸಂತೋಷವೂ ಆಯಿತು, ಇಷ್ಟು ಹತ್ತಿರ ಅವನು ಎಂದೂ ಬಂದವನಲ್ಲ. ಕಂಪ್ಯೂಟರಿಗೆ ಬಿಸಿ ಆಗಬಾರದೆಂದು ಕೌಸ್ತುಭ ಹೇಳಿದ್ದೇ ತಡ, ಮದುಮಗಳ ಅಜ್ಜಿ ಸೀತಾಬಾಯಿಯ ಮುಂದಿದ್ದ ಕೂಲರನ್ನು ಎತ್ತಿ ತಂದು ಡಬ್ಬಿಯ ಕಡೆ ತಿರುಗಿಸಿದರು. ಮುದುಕಿ ಬೀಸಣಿಗೆ ಹುಡುಕತೊಡಗಿದಳು. ಬಂದವರೆಲ್ಲ ಮೇಜಿನಿಂದ ಮಾರು ದೂರದಲ್ಲೇ ಚಪ್ಪಲಿ ಬಿಟ್ಟು ನಿಂತರು. ಸುವಾಸಿನಿಯೊಬ್ಬಳು ಅರಿಷಿಣ ಕುಂಕುಮ ತಂದು ಗಾಜಿಗೆ ಹಚ್ಚಿ ಕೈಮುಗಿದಳು. ಈ ಗದ್ದಲದಲ್ಲಿ ದೇವಿಂದ್ರಪ್ಪ ಮೇಜಿನ ಬಟ್ಟೆಯನ್ನು ಎತ್ತಿ, ರಿಕಾರ್ಡ್ ಪ್ಲೇಯರುಗಳ ಸಮೇತ ಕದಿಯಲು ಬಂದ ಬೆಕ್ಕಿನಂತೆ ಕೆಳಗೆ ನುಸುಳಿದ್ದನ್ನು ಯಾರೂ ನೋಡಲಿಲ್ಲ. ನೋಡಿದರೂ ವಾಯರು ಹಿಡಿಯುವವನೆಂದು ತಿಳಿದರು.

ಮೇಲೆ ಕೌಸ್ತುಭ ಕುರ್ಚಿಯಲ್ಲಿ ಕೂತು, ಯಾವುದಕ್ಕೂ ಜೋಡಿಸದ ಕೀಬೋರ್ಡನ್ನು ಕುಟ್ಟತೊಡಗಿದ. ಕೆಳಗೆ ದೇವಿಂದ್ರಪ್ಪ ತಟ್ಟೆಗಳ ನಡುವೆ ಮಂಡಿ ಮಡಚಿ, ತಲೆ ಎತ್ತಿದರೆ ಹಲಗೆ ತಾಗುವ ಜಾಗದಲ್ಲಿ, ಹಾಡಿಗೆ ಹಾಡು ಹೊಲಿಯತೊಡಗಿದ. ಬೆವರು ಮೂಗಿನ ತುದಿಯಿಂದ ರಿಕಾರ್ಡಿನ ಮೇಲೆ ಬೀಳದಂತೆ ನಾಲಿಗೆಯಿಂದ ಹಿಡಿಯುತ್ತಿದ್ದ. ಆದರೂ ಹಾಡು ಎಲ್ಲಿಯೂ ಕಡಿಯಲಿಲ್ಲ. ಅಯ್ಯಪ್ಪನವರು ಕೂತಲ್ಲೇ ಭುಜ ಕುಣಿಸಿದರು. ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ದಿನವೂ ಕಂಪ್ಯೂಟರನ್ನು ಬಾಗಿಲ ಸಂದಿಯಿಂದ ನೋಡುವವರು ಅವರು, ಆ ಮಟ್ಟಿಗೆ ಬೀಗರಲ್ಲಿ ತಿಳಿದವರು. ಕುಣಿಯುವ ಹುಡುಗರ ತುಳಿತಕ್ಕೆ ಒಮ್ಮೆ ರಿಕಾರ್ಡಿನ ಮುಳ್ಳು ಜಿಗಿದು ಹಾಡಿನ ಒಂದೇ ತುಣುಕು ಮತ್ತೆ ಮತ್ತೆ ಬಡಿಯಿತು. ದೇವಿಂದ್ರಪ್ಪ ಗಾಬರಿಯಿಂದ ಮುಳ್ಳಿಗೆ ಕೈ ಹಾಕಿದ. ಹೊರಗೆ ಸಿಳ್ಳೆ ಬಿದ್ದವು.

"ಇದಕ್ಕ ರೀಮಿಕ್ಸ್ ಅಂತಾರ" ಎಂದು ಅಯ್ಯಪ್ಪನವರು ಸುತ್ತಲಿನವರಿಗೆ ತಿಳಿಸಿ ಹೇಳಿದರು. "ಹಳೀ ರಿಕಾರ್ಡಿನಾಗ ಹಿಂತಾದ್ದು ಬರ್ತದೇನು?"

ಅಷ್ಟರಲ್ಲಿ ಕರೆಂಟು ಹೋಯಿತು. ಮಿಕ್ಸರೂ ಆಂಪ್ಲಿಫೈಯರೂ ಮಜೀದಸಾಬ ಜೋಡಿಸಿದ್ದ ಟ್ರ್ಯಾಕ್ಟರ್ ಬ್ಯಾಟರಿಯ ಮೇಲಿದ್ದವು, ತಟ್ಟೆ ತಿರುಗಿಸುವ ಮೋಟಾರುಗಳು ಮಾತ್ರ ಕರೆಂಟಿನವು. ಹಾಡು ಕೆಸರಿನಲ್ಲಿ ಸಿಕ್ಕ ಎಮ್ಮೆಯಂತೆ ದನಿ ಇಳಿಸತೊಡಗಿತು. ದೇವಿಂದ್ರಪ್ಪ ತೋರುಬೆರಳನ್ನು ತಟ್ಟೆಯ ನಡುವಿನ ಕಾಗದದ ಮೇಲಿಟ್ಟು ತಿರುಗಿಸತೊಡಗಿದ. ಹೆಚ್ಚು ತಿರುಗಿಸಿದರೆ ಹಾಡುವವಳು ಕಿರುಚುತ್ತಾಳೆ, ಕಡಿಮೆಯಾದರೆ ಗಂಡಸಾಗುತ್ತಾಳೆ. ಜನರೇಟರಿನವನು ಹಗ್ಗ ಎಳೆದು ಎಳೆದು ಅದಕ್ಕೆ ಜೀವ ಬರಿಸುವವರೆಗೆ ಒಂದು ಇಡೀ ಹಾಡು ದೇವಿಂದ್ರಪ್ಪನ ಒಂದು ಬೆರಳಿನ ಮೇಲೆ ನಡೆಯಿತು. ಬೆರಳು ಮರಗಟ್ಟಿತು, ಹೆಗಲು ಕಿತ್ತು ಬರುವಂತಾಯಿತು. ಆ ಕತ್ತಲ ಗೂಡಿನಲ್ಲಿ ಅವನು ನಕ್ಕ. ಇಂಥದ್ದನ್ನು ಮಾಡಿದವನಿಗೆ ರುಮಾಲು ಸುತ್ತದೆ ಯಾರಿಗೆ ಸುತ್ತುತ್ತಾರೆ?

"ಕರೆಂಟ್ ಹೋದರೂ ಹಾಡಲಿಕತ್ತದ ನೋಡ್ರಿ" ಎಂಬ ಅಯ್ಯಪ್ಪನವರ ದನಿ ಬಟ್ಟೆಯ ಆಚೆ ಕೇಳಿತು. "ಅಂದ್ರ ಏನು, ಕಂಪ್ಯೂಟರಿಗಿ ಸ್ವಂತ ಬುದ್ಧಿ ಅದ."

ಅಕ್ಷತೆ ಬಿತ್ತು. ಆಯೇರಿಯ ಹೊತ್ತು ಬಂತು. ದೇವಿಂದ್ರಪ್ಪ ಮೇಜಿನ ಕೆಳಗಿನಿಂದಲೇ ಮೈಕು ಹಿಡಿದು, ಹಿಂದೆ ನಿಂತವರು ಹೇಳಿದಂತೆ ಕೂಗುತ್ತ ಹೋದ. ದಂಡೋತಿಯ ಮಾವನವರಿಂದ ಮದುಮಗನಿಗೆ, ಸೇಡಂನ ಚಿಗವ್ವನಿಂದ ಮದುಮಗಳಿಗೆ. ಗಂಟಲು ಒಣಗಿದರೂ ಕಿವಿ ನೆಟ್ಟಗಿತ್ತು. ಕೊನೆಗೆ ಗುರುಲಿಂಗಯ್ಯನವರ ಗಡಸು ದನಿ ಕೇಳಿತು: ಬೀಗರ ಮನಸ್ಸು ತುಂಬಿದೆ, ಡೀಜೆಗೆ ರುಮಾಲು ಸುತ್ತುತ್ತಾರೆ. ದೇವಿಂದ್ರಪ್ಪ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ, ಕೂದಲು ಒದ್ದೆ ಕೈಯಲ್ಲಿ ಒತ್ತಿಕೊಂಡ, ಬಟ್ಟೆ ಸರಿಸಿ ಹೊರಗೆ ತಲೆ ಹಾಕಿದ.

ಕೌಸ್ತುಭ ಆಗಲೇ ಕುರ್ಚಿಯಿಂದ ಎದ್ದು ತಲೆ ಬಗ್ಗಿಸಿ ನಿಂತಿದ್ದ. ನನ್ನ ಬೆವರಿನ ರುಮಾಲು ಈ ಬೋರ್ಡಿನವನ ತಲೆಗೇ ಎಂದು ದೇವಿಂದ್ರಪ್ಪನ ರಕ್ತ ಕುದಿಯಿತು. ಆದರೆ ಅಯ್ಯಪ್ಪನವರು ಕೌಸ್ತುಭನನ್ನು ಮೊಣಕೈಯಿಂದ ಮೆಲ್ಲಗೆ ಬದಿಗೆ ಸರಿಸಿ, ಜರಿಯಂಚಿನ ಗುಲಾಬಿ ರುಮಾಲನ್ನು ಮಾನಿಟರಿನ ಸುತ್ತ ಸುತ್ತಿದರು. ಸುತ್ತಿ, ತುರಾಯಿ ಎಬ್ಬಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸೊಟ್ಟಗಿದೆಯೆಂದು ಮತ್ತೆ ಸರಿ ಮಾಡಿದರು. ಊರು ಚಪ್ಪಾಳೆ ತಟ್ಟಿತು.

ದೇವಿಂದ್ರಪ್ಪ ಎದ್ದು ನಿಂತ. ಹೋದರೆ ಹೋಗಲಿ ಧಂದೆ ಎಂದು ಮೇಜಿನ ಬಟ್ಟೆಯನ್ನು ಪೂರ್ತಿ ಎಳೆದು ಬಿಸಾಡಿದ. ಕೆಳಗೆ ಎರಡು ಕರಿ ತಟ್ಟೆಗಳು ಎಲ್ಲರ ಕಣ್ಣೆದುರು ತಿರುಗುತ್ತಿದ್ದವು.

"ಇಷ್ಟೊತ್ತು ಹಾಡಿದ್ದು ಇವ್ರಿ" ಎಂದ. "ಕರೆಂಟ್ ಹೋದಾಗ ತಿರುಗಿಸಿದ್ದು ಈ ಬಟ್ಟು. ಆ ಡಬ್ಬಿ ಸತ್ತು ವರ್ಷ ಆಗ್ಯಾದ. ಅದರ ಹೊಟ್ಟ್ಯಾಗ ಸೀರೀಸ್ ಲೈಟ್ ಬಿಟ್ರ ಏನೂ ಇಲ್ಲ. ಒಂದ್ ಸಲಾರ ನನ್ನ ಮಾರಿ ನೋಡ್ರಿ."

ಅಯ್ಯಪ್ಪನವರು ಧೋತರ ಎತ್ತಿಕೊಂಡು ಬಗ್ಗಿ ಮೇಜಿನ ಕೆಳಗೆ ಬಹಳ ಹೊತ್ತು ನೋಡಿದರು. ತಟ್ಟೆ ನೋಡಿದರು, ವಾಯರು ನೋಡಿದರು, ಮತ್ತೆ ಮೇಲಿನ ಡಬ್ಬಿ ನೋಡಿದರು. ನೋಡದೆ ಉಳಿದದ್ದು ದೇವಿಂದ್ರಪ್ಪನ ಮಾರಿ ಒಂದೇ. ಆಮೇಲೆ ಎದ್ದು, ಸಭೆಯ ಕಡೆ ತಿರುಗಿ, ಗದ್ಗದರಾಗಿ ಹೇಳಿದರು:

"ಮ್ಯಾಲ ಕುಂತಲ್ಲೇ ತೆಳಗಿನ ಹಳೀ ರಿಕಾರ್ಡ ಸೈತ ತಿರಗಸಲಿಕತ್ತದ. ನಾ ಏನ್ ಅಂದಿದ್ದೆ? ಸ್ವಂತ ಬುದ್ಧಿ ಅದ ಅದಕ್ಕ."

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ದೊಡ್ಡದಿತ್ತು. ಸೀತಾಬಾಯಿ ಕೂಡ ಬೀಸಣಿಗೆ ಕೆಳಗಿಟ್ಟು ತಟ್ಟಿದಳು. ಕೌಸ್ತುಭ ತನ್ನ ಕ್ಲಾಸಿನ ಬೋರ್ಡನ್ನು ರುಮಾಲಿನ ಹತ್ತಿರಕ್ಕೆ ಸರಿಸಿದ.

ಗುರುಲಿಂಗಯ್ಯ ಹಲ್ಲು ಕಚ್ಚಿಕೊಂಡು ದೇವಿಂದ್ರಪ್ಪನ ಕೈಗೆ ಮೈಕು ತುರುಕಿದರು. "ಹಿಂದಕ ಸರಕೊಂಡು ನಿಂದ್ರು. ಬೀಗರು ಕಾಯಲಿಕತ್ತಾರ, ಮೊದಲ ಆಯೇರಿ ಕೂಗು."

ಮೈಕು ಅವನ ಕೈಯಲ್ಲಿತ್ತು. ಕೂಗದಿದ್ದರೆ ಆಯೇರಿ ಆಯೇರಿಯೇ ಅಲ್ಲ. ಇಷ್ಟು ವರ್ಷ ಗೊತ್ತಿದ್ದ ಈ ಮಾತು ಅವನಿಗೆ ಹೊಸದಾಗಿ ಹೊಳೆಯಿತು. ಬಾಯಿ ಬಿಗಿ ಹಿಡಿದ. ಎದುರಿಗೆ ಐನೂರು ಕಿವಿಗಳು ಕಾಯುತ್ತಿದ್ದವು. ಬೀಗರ ಹುಬ್ಬು ಮೇಲೇರತೊಡಗಿತು. ಮಂಟಪದ ಮೇಲೆ ಮದುಮಗಳು, ತನ್ನ ಮದುವೆ ಒಬ್ಬ ಭೋಂಗಾದವನ ಬಾಯಲ್ಲಿ ಸಿಕ್ಕಿದೆಯೆಂಬಂತೆ, ಬಾಸಿಂಗದ ಕೆಳಗಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಆ ದಿನ ಅವನ ಮಾರಿ ನೋಡಿದವಳು ಅವಳೊಬ್ಬಳೇ.

ದೇವಿಂದ್ರಪ್ಪ ಕಾಲಿನಿಂದ ತಟ್ಟೆಗಳ ಪ್ಲಗ್ಗು ಕಿತ್ತ. ಅವು ನಿಂತವು. ರುಮಾಲಿನೊಳಗೆ ಕೆಂಪು, ಹಸಿರು, ಹಳದಿ ಮಿಣುಕುತ್ತಲೇ ಇತ್ತು. ಅವನ ದನಿ ಎಂದಿನಂತೆ ಅವನನ್ನು ಕೆಳಗೇ ಬಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ಮಂಟಪ ಹತ್ತಿ ಹೋಯಿತು.

"ಆದಿತ್ಯನಗರದ ಬೀಗರಿಂದ, ಕಂಪ್ಯೂಟರ್ ಸಾಹೇಬರಿಗೆ, ಒಂದು ರುಮಾಲು."